ಇಪ್ಪತ್ತಮೂರು ವರ್ಷ ಬಿಟ್ಟು ಮತ್ತೆ ಕೊಳಕ್ಕಿಳಿಯುವವರಿಗೆ

ಮೊದಲ ದಿನ ಕೈಗೆ ವಾಚ್ ಕಟ್ಟಿಕೊಂಡು ಹೋಗಬೇಡಿ. ಫೋನಿನಲ್ಲಿ ಸ್ಟಾಪ್‌ವಾಚ್ ಹಾಕಿ ದಡದಲ್ಲಿ ಇಡಲೂಬೇಡಿ. ಕೊಳದ ಗೋಡೆಯಲ್ಲಿ ಗಡಿಯಾರ ಇದ್ದರೆ ಅದಕ್ಕೆ ಬೆನ್ನು ಹಾಕಿ ನಿಲ್ಲಿ. ಕೆಳಗೆ ನಾನು ಬರೆದಿರುವುದರಲ್ಲಿ ಇನ್ನೇನು ಮರೆತರೂ ನಡೆಯುತ್ತದೆ, ಇದನ್ನು ಮಾತ್ರ ಮರೆಯಬೇಡಿ.

ಇದು ಹೊಸದಾಗಿ ಈಜು ಕಲಿಯುವವರಿಗೆ ಬರೆದದ್ದಲ್ಲ. ಶಾಲೆ, ಕಾಲೇಜಿನ ದಿನಗಳಲ್ಲಿ ಜಿಲ್ಲೆಗೋ ರಾಜ್ಯಕ್ಕೋ ಈಜಿ, ಆಮೇಲೆ ಕೆಲಸ, ಮದುವೆ, ಮಕ್ಕಳು ಅಂತ ಬಿಟ್ಟವರಿಗೆ. ಹೊಸಬರಿಗೆ ಕಷ್ಟ ಕಮ್ಮಿ. ಅವರಿಗೆ ನೀರಿನ ಭಯ, ಅಷ್ಟೆ. ನಮಗೆ ನೀರು ಗೊತ್ತು, ಈಗಿನ ಮೈ ಗೊತ್ತಿಲ್ಲ.

ನಾನು ಬ್ಯಾಕ್‌ಸ್ಟ್ರೋಕ್‌ನವಳು, ಅಂದರೆ ಅಂಗಾತ ಮಲಗಿ ಈಜುವವಳು. ಹುಟ್ಟಿ ಬೆಳೆದದ್ದು ಮುಂಬೈಯ ಮಾಟುಂಗಾದಲ್ಲಿ. ಅಪ್ಪ ಕುಂದಾಪುರದ ಕಡೆಯವರು, ಕಿಂಗ್ಸ್ ಸರ್ಕಲ್ ಹತ್ತಿರದ ಒಂದು ಉಡುಪಿ ಹೋಟೆಲಿನ ಗಲ್ಲಾದಲ್ಲಿ ಕೂರುತ್ತಿದ್ದರು. ಈಜು ಕಲಿತದ್ದು ಮಾತ್ರ ಊರಲ್ಲಿ, ಬೇಸಿಗೆ ರಜೆಯಲ್ಲಿ. ಸಿಪ್ಪೆ ಸುಲಿಯದ ಎರಡು ಒಣ ತೆಂಗಿನಕಾಯಿಗಳನ್ನು ಜುಟ್ಟು ಹಾಕಿ ನನ್ನ ಬೆನ್ನಿಗೆ ಕಟ್ಟಿ, ಮಾವ ಕೆರೆಗೆ ತಳ್ಳಿದ್ದರು. ಹತ್ತನೇ ವಯಸ್ಸಿಗೆ, ಅಂದರೆ 1982ರಲ್ಲಿ, ದಾದರ್‌ನ ಶಿವಾಜಿ ಪಾರ್ಕ್ ಪಕ್ಕದ ಮಹಾತ್ಮಾ ಗಾಂಧಿ ಈಜುಕೊಳಕ್ಕೆ ಸೇರಿದೆ. 1993ರಲ್ಲಿ ಬ್ಯಾಂಕ್ ಕೆಲಸ ಸಿಕ್ಕಿತು, ಈಜು ನಿಂತಿತು. ನಡುವೆ ಹನ್ನೊಂದು ವರ್ಷ. ರಾಜ್ಯ ಮಟ್ಟದಲ್ಲಿ ಒಂದು ಬೆಳ್ಳಿ, ಎರಡು ಕಂಚು. 100 ಮೀಟರ್ ಬ್ಯಾಕ್‌ಸ್ಟ್ರೋಕ್‌ನಲ್ಲಿ ನನ್ನ ಅತಿ ಒಳ್ಳೆ ಟೈಮಿಂಗ್ 1 ನಿಮಿಷ 14.8 ಸೆಕೆಂಡ್. ಈ 14.8 ಅನ್ನುವುದನ್ನು ನೋಡಿ. ಮೊನ್ನೆ ತರಕಾರಿಗೆ ಎಷ್ಟು ಕೊಟ್ಟೆ ಅಂತ ಕೇಳಿದರೆ ಗೊತ್ತಿಲ್ಲ. ಇದು ಮಾತ್ರ ದಶಾಂಶದ ಸಮೇತ ತಲೆಯಲ್ಲಿ ಕೂತಿದೆ.

2016ರ ನವೆಂಬರ್‌ನಲ್ಲಿ, 44ನೇ ವಯಸ್ಸಿಗೆ, ಮತ್ತೆ ನೀರಿಗಿಳಿದೆ. ಬೆಳಗ್ಗೆ ಆರೂವರೆಯ ಬ್ಯಾಚ್. ಮೊದಲ 25 ಮೀಟರ್ ಸಲೀಸಾಗಿ ಹೋಯಿತು. ಕೈ ಏನನ್ನೂ ಮರೆತಿರಲಿಲ್ಲ. ಒಳಗೊಳಗೇ ನಗು ಬಂತು. ಮೂವತ್ತೈದಕ್ಕೆ ಬರುವಾಗ ತೊಡೆ ಭಾರವಾಯಿತು. ನಲವತ್ತಕ್ಕೆ ಉಸಿರು ಎದೆಯಲ್ಲೇ ನಿಂತ ಹಾಗಾಯಿತು. ಗೋಡೆ ಮುಟ್ಟಿ ಗಡಿಯಾರ ನೋಡಿದೆ. 1 ನಿಮಿಷ 12. ಹಿಂದೆ ಹೆಚ್ಚುಕಮ್ಮಿ ಅಷ್ಟೇ ಹೊತ್ತಿನಲ್ಲಿ 100 ಮೀಟರ್ ಮುಗಿಸುತ್ತಿದ್ದೆ. ಈಗ ಐವತ್ತಕ್ಕೇ ಅಷ್ಟು.

ಬುದ್ಧಿ ಇದ್ದವರು ಅಲ್ಲಿಗೆ ಮೇಲೆ ಬಂದು ಟವೆಲ್ ಹೊದೆಯುತ್ತಿದ್ದರು. ನಾನು ಇನ್ನೂ ನಾಲ್ಕು ಐವತ್ತು ಹೊಡೆದೆ, ಪ್ರತಿಯೊಂದನ್ನೂ ಜೋರಾಗಿ, ಒಂದು ನಿಮಿಷದೊಳಗೆ ತಂದೇ ಬಿಡುತ್ತೇನೆ ಅಂತ. ಬರಲಿಲ್ಲ. ಬಂದದ್ದು ಭುಜದ ನೋವು. ಅದರ ಕಥೆ ಮುಂದೆ ಇದೆ.

ನೀರಿಗಿಳಿಯುವ ಮೊದಲು

ಮುಂಬೈಯ ಪಾಲಿಕೆ ಕೊಳಗಳಲ್ಲಿ ಸದಸ್ಯರಾಗಲು ಡಾಕ್ಟರ್ ಸರ್ಟಿಫಿಕೇಟ್ ಕೇಳುತ್ತಾರೆ. ಪರಿಚಯದ ಡಾಕ್ಟರ್ ಹತ್ತಿರ ಹೋಗಿ ಸುಮ್ನೆ ಸಹಿ ಹಾಕಿಸಿಕೊಂಡು ಬರಬೇಡಿ. ಬಿಪಿ, ಸಕ್ಕರೆ ನೋಡಿಸಿ. ನಲವತ್ತು ದಾಟಿದ್ದರೆ ಇಸಿಜಿ ಮಾಡಿಸಿ. ಮನೆಯಲ್ಲಿ ಯಾರಿಗಾದರೂ ಚಿಕ್ಕ ವಯಸ್ಸಿಗೆ ಹೃದಯದ ತೊಂದರೆ ಬಂದಿದ್ದರೆ ಅದನ್ನೂ ಹೇಳಿ. ‘ನಾನು ಸ್ಪೋರ್ಟ್ಸ್‌ನವನು, ನನಗೇನಾಗತ್ತೆ’ ಅನ್ನುವ ಮಾತು ಇಲ್ಲಿ ನಡೆಯುವುದಿಲ್ಲ. ಇಪ್ಪತ್ತು ವರ್ಷ ಕುರ್ಚಿಯಲ್ಲಿ ಕೂತ ಮೇಲೆ ನಮ್ಮ ರಕ್ತನಾಳಗಳೂ ಪಕ್ಕದ ಮನೆಯವರ ರಕ್ತನಾಳಗಳ ಹಾಗೇ. ಮೆಡಲ್ ನೋಡಿ ಅವು ಮರ್ಯಾದೆ ಕೊಡುವುದಿಲ್ಲ.

ಕೊಳ ಯಾವುದು? ಮನೆಗೆ ಹತ್ತಿರದ್ದು. ದಾದರ್, ಚೆಂಬೂರ್, ಮುಲುಂಡ್, ಅಂಧೇರಿ, ವಿಲೇಪಾರ್ಲೆಗಳಲ್ಲಿ ದೊಡ್ಡ ಕೊಳಗಳಿವೆ. ಚೆನ್ನಾಗಿದೆ ಅಂತ ಎರಡು ಟ್ರೇನ್ ಬದಲಿಸಿ ಹೋಗುವ ಕೊಳಕ್ಕೆ ನೀವು ಹದಿನೈದು ದಿನಕ್ಕಿಂತ ಜಾಸ್ತಿ ಹೋಗುವುದಿಲ್ಲ. ನನಗೆ ಗೊತ್ತು. ನೂರು ಹೆಜ್ಜೆ ನಡೆದರೆ ಸಿಗುವ ಹೌಸಿಂಗ್ ಸೊಸೈಟಿಯ ಸಣ್ಣ ಕೊಳವೇ ಆಗಲಿ. 25 ಮೀಟರ್ ಕೊಳವಾದರೆ ಇನ್ನೂ ಒಳ್ಳೆಯದು, ಗೋಡೆ ಬೇಗ ಬರುತ್ತದೆ.

ಹಳೆ ಈಜು ಕನ್ನಡಕ ಹುಡುಕಬೇಡಿ, ಅದರ ರಬ್ಬರ್ ಪುಡಿಯಾಗಿರುತ್ತದೆ. ಹೊಸದು ತೆಗೆದುಕೊಳ್ಳಿ, ಒಂದು ಸಿಲಿಕೋನ್ ಟೋಪಿಯೂ ಬೇಕು. ಅಂಗೈಗೆ ಕಟ್ಟಿಕೊಳ್ಳುವ ಪ್ಲಾಸ್ಟಿಕ್ ಹಲಗೆ ಇದೆಯಲ್ಲ, ಪ್ಯಾಡಲ್ಸ್, ಅದು ಸದ್ಯಕ್ಕೆ ಬೇಡವೇ ಬೇಡ. ಹೆಣ್ಣುಮಕ್ಕಳಿಗೆ ಒಂದು ಮಾತು: ನೀರಿಗಿಳಿಯುವ ಮೊದಲು ಷವರ್‌ನಲ್ಲಿ ಕೂದಲು ಪೂರ್ತಿ ನೆನೆಸಿ, ನಾಲ್ಕು ಹನಿ ಕೊಬ್ಬರಿ ಎಣ್ಣೆ ಸವರಿ, ಆಮೇಲೆ ಟೋಪಿ ಹಾಕಿ. ಒಳ್ಳೆ ನೀರು ಕುಡಿದ ಕೂದಲು ಕ್ಲೋರಿನ್ ನೀರನ್ನು ಕಮ್ಮಿ ಕುಡಿಯುತ್ತದೆ. ಷವರ್ ಎಲ್ಲರೂ ಮಾಡಬೇಕು. ಕೊಳದ ಹತ್ತಿರ ಮೂಗಿಗೆ ಹೊಡೆಯುವ ಘಾಟು ಬರೀ ಕ್ಲೋರಿನ್‌ದಲ್ಲ. ಜನರ ಬೆವರು, ಮೂತ್ರಗಳ ಜೊತೆ ಕ್ಲೋರಿನ್ ಸೇರಿದಾಗ ಹುಟ್ಟುವ ಕ್ಲೋರಮೈನ್ ವಾಸನೆ ಅದು. ಘಾಟು ಜಾಸ್ತಿ ಇದ್ದರೆ ನೀರು ಸ್ವಚ್ಛ ಅಂತ ನನ್ನ ಅತ್ತೆ ಈಗಲೂ ನಂಬಿದ್ದಾರೆ. ಅವರಿಗೆ ನಿಜ ಹೇಳುವ ಧೈರ್ಯ ನನಗಿಲ್ಲ.

ಮೊದಲ ಆರು ವಾರ

ವಾರಕ್ಕೆ ಮೂರು ದಿನ ಸಾಕು, ನಡುವೆ ಒಂದೊಂದು ದಿನ ಬಿಡುವು. ಮೊದಲ ಎರಡು ವಾರ ನೀರಿನಲ್ಲಿ ಇಪ್ಪತ್ತು ನಿಮಿಷ, ಅದಕ್ಕಿಂತ ಜಾಸ್ತಿ ಬೇಡ. ನಿಧಾನ ಈಜುವವರ ಲೇನಿಗೆ ಇಳಿಯಿರಿ. ಇದು ಮಾತಿಗೆ ಸುಲಭ. ಪಕ್ಕದ ಲೇನಿನಲ್ಲಿ ಯಾವನೋ ಹುಡುಗ ತಲೆ ಎತ್ತಿಕೊಂಡು, ನೀರು ಚೆಲ್ಲಾಡಿಸುತ್ತಾ ನಿಮ್ಮನ್ನು ದಾಟಿ ಹೋಗುತ್ತಾನೆ. ನಿಮ್ಮ ಮೈಯಲ್ಲಿ ಏನೋ ಎದ್ದು ನಿಲ್ಲುತ್ತದೆ. ಬಿಟ್ಟುಬಿಡಿ. ಅವನು ಹೋಗಲಿ.

25 ಮೀಟರ್ ಈಜಿ, ನಿಲ್ಲಿ. ಎಷ್ಟು ಹೊತ್ತು ನಿಲ್ಲಬೇಕು ಅನ್ನುವುದಕ್ಕೂ ಗಡಿಯಾರ ಬೇಡ. ನಾನು ಒಂದು ಉಪಾಯ ಮಾಡಿಕೊಂಡಿದ್ದೇನೆ. ಗೋಡೆ ಹಿಡಿದು ನಿಂತು, ಒಂದೇ ಉಸಿರಿನಲ್ಲಿ ನಮ್ಮ ಸೆಂಟ್ರಲ್ ಲೈನಿನ ಸ್ಟೇಷನ್ ಹೆಸರು ಹೇಳುತ್ತೇನೆ. ಮಾಟುಂಗಾ, ದಾದರ್, ಪರೇಲ್, ಕರೀ ರೋಡ್, ಚಿಂಚ್‌ಪೋಕ್ಳಿ, ಬೈಖಳಾ. ಬೈಖಳಾ ತನಕ ಉಸಿರು ಕಟ್ಟದೆ ಬಂದರೆ ಮುಂದಿನ 25ಕ್ಕೆ ಹೊರಡಬಹುದು. ಪರೇಲ್‌ನಲ್ಲೇ ನಿಂತರೆ ಇನ್ನೂ ಸ್ವಲ್ಪ ಹೊತ್ತು ಗೋಡೆ ಹಿಡಿದುಕೊಂಡಿರಿ. ಮೊದಲ ವಾರ ನಾನು ದಾದರ್ ದಾಟಿದ್ದೇ ಕಮ್ಮಿ.

ಹೀಗೆ ಎಂಟು ಇಪ್ಪತ್ತೈದುಗಳು. ಒಟ್ಟು 200 ಮೀಟರ್. ಹಿಂದೆ ವಾರ್ಮ್ ಅಪ್‌ನ ಅರ್ಧ ಕೂಡ ಅಲ್ಲ ಇದು, ಗೊತ್ತು. ಮೂರನೇ, ನಾಲ್ಕನೇ ವಾರಕ್ಕೆ 500–600 ಮೀಟರ್ ಆಗಲಿ. ಆರನೇ ವಾರದ ಕೊನೆಗೆ 1000 ಮೀಟರ್ ಆದರೆ ಬೇಕಾದಷ್ಟಾಯಿತು. ದೂರ ಹೆಚ್ಚಿಸಿದ ವಾರ ವೇಗ ಹೆಚ್ಚಿಸಬೇಡಿ.

ಈಜಿನ ನಡುನಡುವೆ ನೀರಿನ ಹಿಡಿತ ವಾಪಸ್ ತರುವ ಕೆಲಸ ಮಾಡಿ. ಕೈ ಬೀಸುವ ರೀತಿ ಮರೆಯುವುದಿಲ್ಲ ಅಂದೆನಲ್ಲ, ಅದು ನಿಜ. ಆದರೆ ಅಂಗೈಗೆ ನೀರು ಸಿಕ್ಕಿತೋ ಜಾರಿತೋ ಅನ್ನುವ ಸೂಕ್ಷ್ಮ ಇದೆಯಲ್ಲ, ಅದು ಬೇಗ ಹೋಗುತ್ತದೆ. ಒಂದು ವಾರ ರಜೆ ಹಾಕಿ ಬಂದರೂ ಗೊತ್ತಾಗುತ್ತಿತ್ತು ನಮಗೆ, ಅಲ್ವಾ? ಅದಕ್ಕೆ ಸ್ಕಲ್ಲಿಂಗ್ ಮಾಡಿ. ನೀರಿನ ಮೇಲೆ ಬೋರಲಾಗಿ ಮಲಗಿ, ಕೈ ಮುಂದೆ ಚಾಚಿ, ಅಂಗೈಗಳನ್ನು ಒಳಗೆ ಹೊರಗೆ ಆಡಿಸುತ್ತಾ ಮೆಲ್ಲಗೆ ಮುಂದೆ ಹೋಗಿ. ಚಾಪೆಯ ಮೇಲೆ ಒಣಹಾಕಿದ ಅಕ್ಕಿಯನ್ನು ಅಂಗೈಯಿಂದ ಹರಡುತ್ತೇವಲ್ಲ, ಅದೇ ಚಲನೆ. ಇನ್ನೊಂದು: 25 ಮೀಟರ್ ಮುಷ್ಟಿ ಕಟ್ಟಿಕೊಂಡು ಫ್ರೀಸ್ಟೈಲ್ ಈಜಿ, ಮುಂದಿನ 25ಕ್ಕೆ ಮುಷ್ಟಿ ಬಿಚ್ಚಿ. ಬಿಚ್ಚಿದ ಕೂಡಲೇ ಅಂಗೈ ಮೊರದಷ್ಟು ಅಗಲ ಆದ ಹಾಗೆ ಅನಿಸುತ್ತದೆ. ನನಗೆ ಇದರಲ್ಲಿ ಈಗಲೂ ಮಕ್ಕಳ ಹಾಗೆ ಖುಷಿ.

ಕಾಲಿನ ಅಭ್ಯಾಸಕ್ಕೆ ಕಿಕ್‌ಬೋರ್ಡ್ ಬೇಡ. ಬೋರ್ಡ್ ಹಿಡಿದಾಗ ಎರಡೂ ಕೈ ತಲೆಯ ಮುಂದೆ ಚಾಚಿ ಭುಜದ ಮೇಲೆ ಒತ್ತಡ ಬೀಳುತ್ತದೆ. ಅಂಗಾತ ಮಲಗಿ, ಕೈ ತೊಡೆ ಪಕ್ಕ ಇಟ್ಟು ಕಾಲು ಬಡಿಯಿರಿ. ಮೊಣಕಾಲು ನೀರಿನಿಂದ ಮೇಲೆ ಬರಬಾರದು.

ಭುಜ

ಇಲ್ಲಿ ಸ್ವಲ್ಪ ಹೊತ್ತು ನಿಲ್ಲುತ್ತೇನೆ. ಯಾಕೆಂದರೆ ನಮ್ಮಲ್ಲಿ ಹೆಚ್ಚಿನವರು ಮತ್ತೆ ಬಿಟ್ಟುಬಿಡುವುದು ಇದರಿಂದಲೇ.

ಒಂದು ಲೆಕ್ಕ ಮಾಡಿ. 50 ಮೀಟರ್‌ಗೆ ಸುಮಾರು 40 ಕೈ ಅಂತ ಇಟ್ಟುಕೊಳ್ಳಿ. ದಿನಕ್ಕೆ 6 ಕಿಲೋಮೀಟರ್ ಈಜುವ ಹುಡುಗಿ ದಿನಕ್ಕೆ 4800 ಸಲ ಕೈ ತಿರುಗಿಸುತ್ತಾಳೆ. ವಾರಕ್ಕೆ ಆರು ದಿನ ಅಂದರೆ 28,800. ಎರಡು ಭುಜಗಳ ನಡುವೆ ಹಂಚಿದರೂ ಒಂದೊಂದಕ್ಕೆ 14,400. ನಮ್ಮ ಭುಜ ಹೊಸದಲ್ಲ. ಸೆಕೆಂಡ್ ಹ್ಯಾಂಡ್ ಗಾಡಿ ಅದು, ಮೀಟರ್ ಆಗಲೇ ತಿರುಗಿದೆ.

ಸೊಂಟದ ಕೀಲು ಒರಳಿನಲ್ಲಿ ಗುಂಡುಕಲ್ಲು ಕೂತ ಹಾಗೆ, ಆಳವಾಗಿ ಕೂತಿರುತ್ತದೆ. ಭುಜ ಹಾಗಲ್ಲ. ಚಿಕ್ಕ ತಟ್ಟೆಯ ಮೇಲೆ ದೊಡ್ಡ ಚೆಂಡು ಇಟ್ಟ ಹಾಗೆ. ಅದಕ್ಕೇ ಕೈ ಎಲ್ಲಾ ಕಡೆ ತಿರುಗುತ್ತದೆ. ಆ ಚೆಂಡು ಜಾರದ ಹಾಗೆ ಹಿಡಿದಿಟ್ಟಿರುವುದು ಸುತ್ತಲಿನ ನಾಲ್ಕು ಸಣ್ಣ ಸ್ನಾಯುಗಳು. ರೊಟೇಟರ್ ಕಫ್ ಅನ್ನುತ್ತಾರೆ. ವಯಸ್ಸಾದ ಹಾಗೆ ಇವುಗಳ ತುದಿಯ ಸ್ನಾಯುರಜ್ಜು ಹಳೆ ಹಗ್ಗದ ಹಾಗೆ ಸವೆಯುತ್ತದೆ. ಕಂಪ್ಯೂಟರ್ ಮುಂದೆ ಬಗ್ಗಿ ಕೂತು ಭುಜ ಮುಂದಕ್ಕೆ ಬಂದಿರುತ್ತದೆ. ಅದರ ಮೇಲೆ ಒಂದೇ ದಿನ ಜೋರು ಮಾಡಿದರೆ ಏನಾಗುತ್ತದೆ?

ನನಗೆ ಆದದ್ದು ಇದು. ಆ ಐದು ಐವತ್ತುಗಳ ಎರಡನೇ ದಿನ, ಆಫೀಸಿಗೆ ಹೊರಟು ಮಾಟುಂಗಾದಲ್ಲಿ ಲೇಡೀಸ್ ಡಬ್ಬಿ ಹತ್ತಿದೆ. ಮೇಲಿನ ಹಿಡಿಕೆಗೆ ಬಲಗೈ ಎತ್ತಿದೆ. ಭುಜದ ಮಟ್ಟಕ್ಕೆ ಬಂದು ಕೈ ನಿಂತುಬಿಟ್ಟಿತು, ಯಾರೋ ಒಳಗಿನಿಂದ ಬೀಗ ಹಾಕಿದ ಹಾಗೆ. ಟ್ರೇನ್ ಹೊರಟಿತು. ನಾನು ಪಕ್ಕದವಳ ಮೇಲೆ ಬಿದ್ದೆ. ಅವಳ ಕೈಯಲ್ಲಿ ಮಲ್ಲಿಗೆ ಬುಟ್ಟಿ. ಬೈಯಲಿಲ್ಲ, ಪುಣ್ಯಾತ್ಗಿತ್ತಿ. ದಾದರ್ ತನಕ ನನ್ನ ಸೊಂಟ ಹಿಡಿದುಕೊಂಡೇ ನಿಂತಿದ್ದಳು. ಆ ರಾತ್ರಿ ರವಿಕೆಯ ಹಿಂದಿನ ಹುಕ್ ಬಿಚ್ಚಲು ಬರಲಿಲ್ಲ. ಬಲಮಗ್ಗುಲಿಗೆ ಮಲಗಲು ಆಗಲಿಲ್ಲ. ಹನ್ನೊಂದು ವಾರ ನೀರಿನಿಂದ ಹೊರಗೆ.

ಆ ಹನ್ನೊಂದು ವಾರದಲ್ಲಿ ಫಿಸಿಯೋಥೆರಪಿಸ್ಟ್ ಕಲಿಸಿದ್ದನ್ನು ಈಗಲೂ ದಿನ ಬಿಟ್ಟು ದಿನ ಮಾಡುತ್ತೇನೆ. ನೀವು ನೋವು ಬರುವ ಮೊದಲೇ ಶುರು ಮಾಡಿ. ಕಿಟಕಿಯ ಕಂಬಿಗೆ ವ್ಯಾಯಾಮದ ರಬ್ಬರ್ ಪಟ್ಟಿ ಕಟ್ಟಿ. ಕಂಬಿ ಎಡಕ್ಕೆ ಬರುವ ಹಾಗೆ ಅಡ್ಡ ನಿಂತು, ಪಟ್ಟಿಯ ತುದಿಯನ್ನು ಬಲಗೈಯಲ್ಲಿ ಹಿಡಿಯಿರಿ. ಬಲ ಮೊಣಕೈಯನ್ನು ಪಕ್ಕೆಗೆ ಒತ್ತಿ, ನಡುವೆ ಒಂದು ಸುತ್ತಿದ ಟವೆಲ್ ಇಡಿ. ಮೊಣಕೈ ಮಡಚಿಯೇ ಇರಲಿ. ಈಗ ಮುಂಗೈಯನ್ನು ಬಾಗಿಲು ತೆರೆಯುವ ಹಾಗೆ ಹೊರಗೆ ತಿರುಗಿಸಿ, ನಿಧಾನಕ್ಕೆ ವಾಪಸ್ ಬಿಡಿ. 15 ಸಲ, ಎರಡು ಸುತ್ತು. ಆಮೇಲೆ ತಿರುಗಿ ನಿಂತು ಎಡಗೈ. ಟವೆಲ್ ಕೆಳಗೆ ಬಿದ್ದರೆ ತಪ್ಪು ಮಾಡುತ್ತಿದ್ದೀರಿ ಅಂತ ಅರ್ಥ. ಇನ್ನೊಂದು, ನೇರ ನಿಂತು ಬೆನ್ನಿನ ಎರಡು ರೆಕ್ಕೆಮೂಳೆಗಳನ್ನು ಹಿಂದಕ್ಕೆ, ಕೆಳಕ್ಕೆ ಎಳೆದು ಐದು ಎಣಿಸುವುದು. ಇದನ್ನು ನಾನು ಲಿಫ್ಟ್‌ಗೆ ಕಾಯುವಾಗ ಮಾಡುತ್ತೇನೆ.

ಹಿಂದೆ ನಮ್ಮ ಕಾಲದಲ್ಲಿ ಒಬ್ಬರ ಕೈಯನ್ನು ಇನ್ನೊಬ್ಬರು ಹಿಂದಿನಿಂದ ಹಿಡಿದು, ಎರಡೂ ಮೊಣಕೈ ಸೇರುವ ತನಕ ಎಳೆಯುತ್ತಿದ್ದೆವು. ಜಾಸ್ತಿ ಬಗ್ಗಿದವರಿಗೆ ಶಹಬ್ಬಾಸ್. ಅದನ್ನು ದಯವಿಟ್ಟು ಮಾಡಬೇಡಿ. ಈಜುಗಾರರ ಭುಜ ಮೊದಲೇ ಸಡಿಲ. ಅದಕ್ಕೆ ಬೇಕಾದದ್ದು ಬಿಗಿ, ಇನ್ನಷ್ಟು ಸಡಿಲ ಅಲ್ಲ.

ಯಾವ ನೋವಿಗೆ ಹೆದರಬೇಕು? ತೋಳಿನ ಮಾಂಸಖಂಡದಲ್ಲಿ ಅಗಲವಾಗಿ ಹರಡಿದ, ಎರಡು ದಿನದಲ್ಲಿ ಇಳಿಯುವ ನೋವಿಗೆ ಹೆದರಬೇಡಿ. ಬೆರಳಿಟ್ಟು ತೋರಿಸಬಹುದಾದ ಜಾಗದ ನೋವು, ರಾತ್ರಿ ಎಬ್ಬಿಸುವ ನೋವು, ಕೈ ಒಂದು ಮಟ್ಟಕ್ಕಿಂತ ಮೇಲೆ ಹೋಗದಿರುವುದು, ಇವು ಬಂದರೆ ಡಾಕ್ಟರ್. ನಲವತ್ತು, ಅರವತ್ತರ ನಡುವಿನ ಹೆಂಗಸರಿಗೆ ಮತ್ತು ಸಕ್ಕರೆ ಕಾಯಿಲೆ ಇರುವವರಿಗೆ ಫ್ರೋಜನ್ ಶೋಲ್ಡರ್, ಅಂದರೆ ಭುಜ ಬಿಗಿದು ಕೈ ಎತ್ತಲಾಗದ ತೊಂದರೆ, ಬರುವುದು ಜಾಸ್ತಿ. ಅದನ್ನು ‘ಈಜಿ ಸರಿ ಮಾಡ್ತೀನಿ’ ಅಂತ ಹೊರಡಬೇಡಿ.

ನೀರಿನಲ್ಲಿ ನೋಡಿಕೊಳ್ಳಬೇಕಾದದ್ದು ಒಂದೇ: ಕೈ ತಲೆಯ ನಡುಗೆರೆ ದಾಟಬಾರದು. ಬ್ಯಾಕ್‌ಸ್ಟ್ರೋಕ್‌ನಲ್ಲಿ ತಲೆ 12 ಗಂಟೆ ಅಂದುಕೊಂಡರೆ ಕೈಗಳು 11ಕ್ಕೆ, 1ಕ್ಕೆ ಬೀಳಬೇಕು, ಕಿರುಬೆರಳು ಮೊದಲು. ಕೈ ಎಳೆಯುವ ಬದಲು ಇಡೀ ಮೈ ಮಗ್ಗುಲಿಂದ ಮಗ್ಗುಲಿಗೆ ಹೊರಳಲಿ. ಮೈ ಹೊರಳಿದರೆ ಭುಜಕ್ಕೆ ಅರ್ಧ ಕೆಲಸ ಕಮ್ಮಿ.

ಗೋಡೆ ಮತ್ತು ಉಸಿರು

ಬ್ಯಾಕ್‌ಸ್ಟ್ರೋಕ್‌ನವರಿಗೆ ಬೇರೆ ಒಂದು ತಾಪತ್ರಯ ಇದೆ. ನಮಗೆ ಗೋಡೆ ಕಾಣುವುದಿಲ್ಲ. ಸ್ಪರ್ಧೆಯ ಕೊಳದಲ್ಲಿ ಗೋಡೆಗೆ 5 ಮೀಟರ್ ಮೊದಲು ಅಡ್ಡಲಾಗಿ ಪತಾಕೆಗಳ ದಾರ ಕಟ್ಟಿರುತ್ತಾರೆ. ಪತಾಕೆ ದಾಟಿದ ಮೇಲೆ ಇಷ್ಟು ಕೈಗೆ ಗೋಡೆ ಅಂತ ಪ್ರತಿಯೊಬ್ಬರಿಗೂ ಒಂದು ಲೆಕ್ಕ. ನನಗೆ ನಾಲ್ಕು. ನಾನು ಈಗ ಹೋಗುವ ಕೊಳದಲ್ಲಿ ಪತಾಕೆ ಇಲ್ಲ. ಮೊದಲ ವಾರವೇ ತಲೆ ಹೊಡೆದುಕೊಂಡೆ. ಆಮೇಲೆ ದಡದ ಬಾದಾಮಿ ಮರದ ಒಂದು ಕೊಂಬೆಯನ್ನು ಗುರುತು ಮಾಡಿಕೊಂಡೆ. ಕೊಂಬೆ ಕಂಡರೆ ಆರು ಕೈ. ನಾಲ್ಕಲ್ಲ, ಆರು. ಈ ಹೊಸ ಲೆಕ್ಕ ಒಪ್ಪಿಕೊಳ್ಳಲು ಒಂದು ತಿಂಗಳು ಬೇಕಾಯಿತು. ಅಷ್ಟರತನಕ ಲೈಫ್‌ಗಾರ್ಡ್ ಹುಡುಗ ಗೋಡೆ ಬಂದಾಗಲೆಲ್ಲ ‘ತಾಈ, ಭಿಂತ!’ ಅಂತ ಕೂಗುತ್ತಿದ್ದ. ಭಿಂತ ಅಂದರೆ ಗೋಡೆ. ತಾಈ ಅಂದರೆ ಮರಾಠಿಯಲ್ಲಿ ಅಕ್ಕ. ಇಷ್ಟು ವರ್ಷ ಇಲ್ಲಿದ್ದರೂ ನನ್ನ ಕಿವಿಗೆ ಅದು ತಾಯಿ ಅಂತಲೇ ಕೇಳುತ್ತದೆ. ಆ ವಯಸ್ಸಿನ ಹುಡುಗ ಕರೆದರೆ ಎರಡೂ ಸರಿಯೇ.

1991ಕ್ಕಿಂತ ಮೊದಲು ಈಜು ಬಿಟ್ಟವರಿದ್ದರೆ ಗಮನಿಸಿ, ತಿರುಗುವ ನಿಯಮ ಬದಲಾಗಿದೆ. ಆಗ ಅಂಗಾತ ಇದ್ದುಕೊಂಡೇ ಕೈಯಿಂದ ಗೋಡೆ ಮುಟ್ಟಿ ತಿರುಗಬೇಕಿತ್ತು. 1991ರಿಂದ ಗೋಡೆಯ ಹತ್ತಿರ ಬೋರಲು ಹೊರಳಿ, ಪಲ್ಟಿ ಹೊಡೆದು, ಕಾಲು ತಾಗಿಸಿದರೆ ಸಾಕು. ನನಗೆ ಆಗ 19. ಒಂಬತ್ತು ವರ್ಷ ಕಲಿತದ್ದನ್ನು ಬಿಟ್ಟು ಹೊಸದು ಕಲಿತೆ. ತಮಾಷೆ ನೋಡಿ, ಇಪ್ಪತ್ತಮೂರು ವರ್ಷದ ಮೇಲೆ ಮೈಗೆ ನೆನಪಾದದ್ದು ಹಳೆಯದೇ. ಈಗ ನಾನು ಪಲ್ಟಿ ಹೊಡೆಯುವುದಿಲ್ಲ. ತಲೆ ಸುತ್ತುತ್ತದೆ. ಮುಟ್ಟಿ, ಉಸಿರು ತೆಗೆದುಕೊಂಡು, ತಿರುಗುತ್ತೇನೆ. ಯಾರೂ ಡಿಸ್‌ಕ್ವಾಲಿಫೈ ಮಾಡಿಲ್ಲ.

ನೀರೊಳಗೆ ಉದ್ದಕ್ಕೆ ಹೋಗುವ ಚಪಲ ಬೇಡ. ಇದು ತಮಾಷೆ ಅಲ್ಲ. 1988ರ ಸೋಲ್ ಒಲಿಂಪಿಕ್ಸ್‌ನಲ್ಲಿ ಅಮೆರಿಕದ ಡೇವಿಡ್ ಬರ್ಕಾಫ್, ಜಪಾನಿನ ಡೈಚಿ ಸುಝುಕಿ ಅರ್ಧ ಕೊಳಕ್ಕಿಂತ ಹೆಚ್ಚು ದೂರ ನೀರೊಳಗೇ ಹೋಗಿ ಎದ್ದಿದ್ದರು. 100 ಮೀಟರ್ ಬ್ಯಾಕ್‌ಸ್ಟ್ರೋಕ್ ಚಿನ್ನ ಸುಝುಕಿಗೆ ಸಿಕ್ಕಿತು. ಅದಾದ ಮೇಲೆ ನೀರೊಳಗಿನ ದೂರಕ್ಕೆ ಮಿತಿ ಹಾಕಿದರು, ಮೊದಲು 10 ಮೀಟರ್, 1991ರಿಂದ 15. ಆ ಒಲಿಂಪಿಕ್ಸ್ ನಂತರ ನಮ್ಮ ಕೊಳದಲ್ಲೂ ಹುಡುಗರೆಲ್ಲ ನೀರೊಳಗೇ ಇರುತ್ತಿದ್ದರು. ಈಗ ನನ್ನ ವಯಸ್ಸಿನ ಗಂಡಸರು ಮಕ್ಕಳ ಮುಂದೆ ಅದನ್ನೇ ಮಾಡಿ ತೋರಿಸಲು ಹೋಗುತ್ತಾರೆ. ಅದಕ್ಕೆ ಮೊದಲು ಜೋರಾಗಿ ನಾಲ್ಕೈದು ಸಲ ಉಸಿರಾಡಿಕೊಳ್ಳುತ್ತಾರೆ. ಅಪಾಯ ಇರುವುದೇ ಅಲ್ಲಿ. ಉಸಿರು ಬೇಕು ಅಂತ ಮೈ ಒದ್ದಾಡುವುದು ಮುಖ್ಯವಾಗಿ ಇಂಗಾಲದ ಡೈಆಕ್ಸೈಡ್ ಏರಿದಾಗ. ಜೋರು ಉಸಿರಾಟದಿಂದ ಅದನ್ನು ಮೊದಲೇ ಹೊರಹಾಕಿಬಿಟ್ಟರೆ ಎಚ್ಚರಿಕೆ ಬರುವುದಿಲ್ಲ. ಆಮ್ಲಜನಕ ಮುಗಿದು, ನೀರೊಳಗೇ ಸದ್ದಿಲ್ಲದೆ ಪ್ರಜ್ಞೆ ತಪ್ಪುತ್ತದೆ. ಚೆನ್ನಾಗಿ ಈಜುವವರಿಗೇ ಇದು ಆಗುವುದು.

ಸಮುದ್ರದ ಬಗ್ಗೆಯೂ ಅಷ್ಟೇ. ಮುಂಬೈಯಲ್ಲಿ ಬಂದರಿನ ನೀರಿನಲ್ಲಿರುವ ಸಂಕ್ ರಾಕ್ ದೀಪಸ್ತಂಭದಿಂದ ಗೇಟ್‌ವೇ ಆಫ್ ಇಂಡಿಯಾವರೆಗಿನ 5 ಕಿಲೋಮೀಟರ್ ಈಜು ಹೆಸರುವಾಸಿ. ಹಳೆಯ ಗೆಳೆಯರು ಸೇರಿದಾಗ ಯಾರಾದರೂ ಆ ಮಾತು ಎತ್ತುತ್ತಾರೆ. ಜೊತೆಗೆ ದೋಣಿ, ಉಬ್ಬರ ಇಳಿತ ಬಲ್ಲವರು, ಒಂದು ವರ್ಷದ ತಯಾರಿ, ಮೂರೂ ಇದ್ದರೆ ಮಾತಾಡಿ. ಮಳೆಗಾಲದಲ್ಲಿ ಜುಹೂ ಕಡಲಿಗೆ ಕಾಲು ಕೂಡ ಇಡಬೇಡಿ.

ಹೊಟ್ಟೆ

ಈಜು ಬಿಟ್ಟ ಮೇಲೂ ನಾನು ಬೆಳಗ್ಗೆ ಎಂಟು ಇಡ್ಲಿ ತಿನ್ನುತ್ತಿದ್ದೆ. ಹೋಟೆಲಿನವರ ಮನೆ, ಬೇಡ ಅನ್ನುವವರು ಯಾರು? ಮೂರು ವರ್ಷದಲ್ಲಿ 14 ಕಿಲೋ ಏರಿದೆ. ವಾಪಸ್ ಬಂದಾಗ ಮತ್ತೆ ಅದೇ ಹಸಿವು ಬಂತು. ನೀರಿನ ತಂಪಿಗೆ ಹಸಿವು ಕೆರಳುತ್ತದೆ, ಅದರಲ್ಲೂ ಡಿಸೆಂಬರ್, ಜನವರಿಯಲ್ಲಿ. ಹೊರಡುವ ಮೊದಲು ಒಂದು ಬಾಳೆಹಣ್ಣು ತಿನ್ನಿ. ಬಂದ ಮೇಲೆ ಮೊದಲು ಒಂದು ದೊಡ್ಡ ಲೋಟ ನೀರು, ಆಮೇಲೆ ತಿಂಡಿ. 600 ಮೀಟರ್ ಈಜಿ ಬಂದು ಮಸಾಲೆ ದೋಸೆ, ಮೇಲೊಂದು ಶಿರಾ ಹೊಡೆದರೆ ಲೆಕ್ಕ ಸರಿಹೋಗುವುದಿಲ್ಲ. ತಿಂಗಳಿಗೊಮ್ಮೆ ಹೊಡೆಯಿರಿ, ನಾನೂ ಹೊಡೆಯುತ್ತೇನೆ.

ವಾಚ್ ಯಾವಾಗ

ಮೂರು ತಿಂಗಳಾದ ಮೇಲೆ. ಆಗಲೂ ಬರೀ ಸಮಯ ನೋಡಬೇಡಿ. 25 ಮೀಟರ್‌ಗೆ ಎಷ್ಟು ಕೈ ಬಿತ್ತು ಎಣಿಸಿ, ಅದಕ್ಕೆ ಸೆಕೆಂಡ್ ಸೇರಿಸಿ. 20 ಕೈ, 34 ಸೆಕೆಂಡ್, ಒಟ್ಟು 54. ಇದಕ್ಕೆ ಸ್ವಾಲ್ಫ್ ಅನ್ನುತ್ತಾರೆ, ಗಾಲ್ಫ್‌ನ ಹಾಗೆ ಅಂಕ ಕಮ್ಮಿಯಾದಷ್ಟೂ ಒಳ್ಳೆಯದು. ಇದರ ಒಂದು ಲಾಭ ಏನೆಂದರೆ, 1993ರಲ್ಲಿ ನಾವು ಇದನ್ನು ಬರೆದಿಟ್ಟಿರಲಿಲ್ಲ. ಹೋಲಿಸಲು ಹಳೆಯ ಅಂಕಿಯೇ ಇಲ್ಲ.

ನೀವು ಮತ್ತೆ ಈಜುತ್ತೀರಿ ಅಂತ ಗೊತ್ತಾದರೆ ಜನ ವಾಟ್ಸಾಪ್‌ನಲ್ಲಿ ಸ್ಫೂರ್ತಿ ಕಳಿಸಲು ಶುರು ಮಾಡುತ್ತಾರೆ. ಅಮೆರಿಕದ ಡಾರಾ ಟೊರೆಸ್ 41ನೇ ವಯಸ್ಸಿಗೆ 2008ರ ಬೀಜಿಂಗ್ ಒಲಿಂಪಿಕ್ಸ್‌ನಲ್ಲಿ ಮೂರು ಬೆಳ್ಳಿ ಗೆದ್ದರು, ನೀವ್ಯಾಕೆ ಆಗಬಾರದು ಅಂತ. ನಮ್ಮ ಕೊಲ್ಹಾಪುರದ ವೀರಧವಳ ಖಾಡೆ ತಹಸೀಲ್ದಾರ್ ಕೆಲಸಕ್ಕೆ ಸೇರಿ, ವರ್ಷಗಳ ಬಿಡುವಿನ ನಂತರ ವಾಪಸ್ ಬಂದು 2018ರ ಜಕಾರ್ತಾ ಏಷ್ಯನ್ ಗೇಮ್ಸ್‌ನ 50 ಮೀಟರ್ ಫ್ರೀಸ್ಟೈಲ್‌ನಲ್ಲಿ ನಾಲ್ಕನೆಯವರಾದರು ಅಂತ. ಎರಡೂ ನಿಜ. ಟೊರೆಸ್ 50 ಮೀಟರ್‌ನ ಚಿನ್ನ ಕಳೆದುಕೊಂಡದ್ದು 0.01 ಸೆಕೆಂಡಿನಲ್ಲಿ. ಖಾಡೆ ಕಂಚು ಕಳೆದುಕೊಂಡದ್ದೂ 0.01 ಸೆಕೆಂಡಿನಲ್ಲೇ. ಆ ನೂರರಲ್ಲೊಂದು ಸೆಕೆಂಡ್ ಅವರಿಗೆ ಎಷ್ಟು ರಾತ್ರಿ ನಿದ್ದೆ ಕೆಡಿಸಿತೋ ಅಂತ ನನಗೆ ಅನಿಸುತ್ತದೆ. ಆದರೆ ಖಾಡೆಗೆ ಆಗ 27 ಕೂಡ ತುಂಬಿರಲಿಲ್ಲ. ಟೊರೆಸ್ ಹಿಂದೆ ಸಂಬಳ ಕೊಟ್ಟು ಇಟ್ಟುಕೊಂಡ ತರಬೇತುದಾರರ, ಮಸಾಜ್‌ನವರ ಒಂದು ದಂಡೇ ಇತ್ತು. ನನ್ನ ಹಿಂದೆ ಇರುವುದು ಕುಕ್ಕರ್ ಮತ್ತು 8.52ರ ಲೋಕಲ್. ಮೆಸೇಜ್ ನೋಡಿ, ಒಂದು ಹೆಬ್ಬೆರಳು ಹಾಕಿ, ಮುಂದೆ ಹೋಗಿ.

ಇನ್ನೊಂದು ಸಣ್ಣ ವಿಷಯ. ಕೊಳದಲ್ಲಿ ಬೇರೆಯವರ ಕೈ ಸರಿಯಿಲ್ಲ, ಕಾಲು ಸರಿಯಿಲ್ಲ ಅಂತ ಕೇಳದೆ ತಿದ್ದಲು ಹೋಗಬೇಡಿ. ಬಾಯಿ ತುರಿಸುತ್ತದೆ, ಗೊತ್ತು. ಇಲ್ಲಿನ ಕನ್ನಡಿಗರ ಸಂಘವಾದ ಮೈಸೂರು ಅಸೋಸಿಯೇಷನ್‌ನ ಕಾರ್ಯಕ್ರಮಗಳಲ್ಲಿ ಪರಿಚಯವಾದ ಇಬ್ಬರು ಹೆಂಗಸರು ನನ್ನ ಬ್ಯಾಚಿಗೆ ಸೇರಿದರು. ಮೊದಲ ದಿನವೇ ಒಬ್ಬರಿಗೆ ತಲೆ ಹೀಗೆ ಇಡಿ, ಕಾಲು ಹಾಗೆ ಬಡಿಯಿರಿ ಅಂತ ಹತ್ತು ಸೂಚನೆ ಕೊಟ್ಟೆ. ಅವರು ಶಾಂತವಾಗಿ ಕೇಳಿ, ‘ನೀವು ಯಾವಾಗ ಈಜೋದು?’ ಅಂದರು.

ವರ್ಷ ಎರಡು ವರ್ಷ ಕಳೆದ ಮೇಲೆ ಮಾಸ್ಟರ್ಸ್ ಕೂಟಕ್ಕೆ ಹೋಗುವ ಆಸೆ ಬಂದರೆ ಹೋಗಿ. 25 ವರ್ಷ ದಾಟಿದ ಯಾರು ಬೇಕಾದರೂ ಭಾಗವಹಿಸಬಹುದು. ಐದೈದು ವರ್ಷದ ಗುಂಪು ಮಾಡಿರುತ್ತಾರೆ, 40–44, 45–49 ಹೀಗೆ. ರಿಲೇಯಲ್ಲಿ ನಾಲ್ಕು ಜನರ ವಯಸ್ಸು ಕೂಡಿಸಿ ಗುಂಪು ಹಾಕುತ್ತಾರೆ. ನಮ್ಮ ವಯಸ್ಸಿನವರಿಗೆ ಇದ್ದಕ್ಕಿದ್ದ ಹಾಗೆ ಬೇಡಿಕೆ ಬರುವ ಜಾಗ ಅದೊಂದೇ.

ಹೆಸರು ಕೊಡುವಾಗ ಅರ್ಜಿಯಲ್ಲಿ ಎಂಟ್ರಿ ಟೈಮ್ ಅಂತ ಒಂದು ಕಾಲಂ ಇರುತ್ತದೆ. ಅಲ್ಲಿ ಹಳೆಯ ಟೈಮಿಂಗ್ ಬರೆಯಬೇಡಿ. ನಾನು ಬರೆದಿದ್ದೆ. 46ನೇ ವಯಸ್ಸಿಗೆ, ನನ್ನ ಮೊದಲ ಕೂಟಕ್ಕೆ, ಪೆನ್ನು ತಾನೇ 1:14.8 ಅಂತ ಬರೆದುಬಿಟ್ಟಿತು. ಎಲ್ಲರಿಗಿಂತ ವೇಗದವರಿಗೆ ನಡುವಿನ ಲೇನ್ ಕೊಡುತ್ತಾರಲ್ಲ, ನನಗೆ ನಾಲ್ಕನೇ ಲೇನ್ ಬಂತು. ಎರಡೂ ಪಕ್ಕದವರು ಹೆದರಿಕೊಂಡು ನನ್ನನ್ನೇ ನೋಡುತ್ತಿದ್ದರು. ನಾನು ಕೊನೆಯ ಗೋಡೆ ಮುಟ್ಟಿದಾಗ ಅವರಿಬ್ಬರೂ ಆಗಲೇ ಮೇಲೆ ಹತ್ತಿ ಟವೆಲ್ ಹೊದ್ದು ನಿಂತಿದ್ದರು. ಟೈಂಕೀಪರ್ ಬಗ್ಗಿ ನನ್ನ ಎಂಟ್ರಿ ಚೀಟಿ ನೋಡಿದರು, ಕೈಯಲ್ಲಿದ್ದ ವಾಚ್ ನೋಡಿದರು, ಆಮೇಲೆ ವಾಚನ್ನು ಒಂದು ಸಲ ಅಲ್ಲಾಡಿಸಿ ಕಿವಿಗೆ ಹಿಡಿದರು.

1:43 ಆಗಿತ್ತು. ಈಗ ಆ ಕಾಲಂನಲ್ಲಿ 1:40 ಅಂತ ಬರೆಯುತ್ತೇನೆ. ಎರಡನೇ ಲೇನೋ ಏಳನೇ ಲೇನೋ ಸಿಗುತ್ತದೆ.